ಸಗರದ ಕೆರೆಯ ಗಾಳದ ಪಂದ್ಯ

ಬಿಸಿ ಚಹಾ ತೊಡೆಯ ಮೇಲೆ ಸುರಿಯುತ್ತಿದ್ದರೂ ನಿಂಗರಾಜ ಮಿಸುಕಲಿಲ್ಲ. ಕೈಯಲ್ಲಿದ್ದ ಲೋಟ ವಾಲಿತ್ತು. ಕಣ್ಣು ರಸ್ತೆಯ ಆಚೆ ಎಲ್ಲೋ ನೆಟ್ಟಿತ್ತು. ತುಟಿ ಮಾತ್ರ ಏನನ್ನೋ ಅಗಿಯುವಂತೆ ಮೆಲ್ಲಗೆ ಆಡುತ್ತಿತ್ತು.

"ಲೇ ನಿಂಗ್ಯಾ," ಎಂದ ಎದುರಿಗೆ ಕೂತಿದ್ದ ಅಸದ. ಉತ್ತರವಿಲ್ಲ. ಲೋಟ ಕಸಿದುಕೊಂಡು ಭುಜ ಹಿಡಿದು ಅಲುಗಿಸಿದ. ಸ್ವಲ್ಪ ಹೊತ್ತಿನ ಮೇಲೆ ನಿಂಗರಾಜ ಕಣ್ಣು ಮಿಟುಕಿಸಿ, ಒದ್ದೆಯಾದ ಪ್ಯಾಂಟು ನೋಡಿಕೊಂಡು, "ಯಾರು ಚೆಲ್ಲಿದ್ರು?" ಎಂದು ಕೇಳಿದ.

ಅಸದನ ತಂಗಿ ತಸ್ಲೀಮಾಗೆ ಚಿಕ್ಕಂದಿನಲ್ಲಿ ಹೀಗೇ ಆಗುತ್ತಿತ್ತು. ರೊಟ್ಟಿ ಹಿಡಿದ ಕೈ ಹಿಡಿದಂತೆಯೇ ಇರುತ್ತಿತ್ತು, ಹುಡುಗಿ ಮಾತ್ರ ಎಲ್ಲೋ ಹೋಗಿಬಿಡುತ್ತಿದ್ದಳು. ಆಮೇಲೆ ಒಂದು ದಿನ ದೊಡ್ಡದೇ ಬಂತು, ಅಂಗಳದಲ್ಲಿ ಬಿದ್ದು ಒದ್ದಾಡಿದಳು. ಗುಳಿಗೆ ಶುರುವಾಗಿದ್ದು ಆಗಲೇ.

"ನಿಂಗ್ಯಾ, ಖರೆ ಹೇಳು. ಹಿಂಗ ಎಷ್ಟ ಸಲ ಆಗ್ಯಾದ?"

"ಏನ್ ಆಗ್ಯಾದ? ರಾತ್ರಿ ನಿದ್ದಿ ಇಲ್ಲ, ಅಷ್ಟ."

"ನಮ್ಮ ತಸ್ಲೀಮಾನ್ನ ನೋಡೀನಿ ನಾ. ನನ್ನ ಮುಂದ ಸುಳ್ಳ ಹೇಳಬ್ಯಾಡ."

ನಿಂಗರಾಜ ಹೊರಗೆ ನೋಡಿದ. ಹೋಟೆಲ್ಲಿನ ಮುಂದೆ ಶಾಂತಕುಮಾರ ಮೋಟರ್‌ಸೈಕಲ್ಲಿಗೆ ಗಾಳದ ಕೋಲುಗಳನ್ನು ಹಗ್ಗದಿಂದ ಬಿಗಿಯುತ್ತ ಹಾಡು ಗುನುಗುತ್ತಿದ್ದ. ನಿಂಗರಾಜ ದನಿ ಇಳಿಸಿದ. "ದಸರಾದಾಗಿಂದ ಆಗಾಕತ್ತದ. ಶಾಂತ್ಯಾಗ ಹೇಳಬ್ಯಾಡ, ನಿನ್ನ ಕಾಲ ಬೀಳ್ತೀನಿ. ಅವನ ಮಗಳು ನನ್ನ ಗಾಡ್ಯಾಗ ಸಾಲಿಗಿ ಹೋಗ್ತಾಳ."

"ಅದಕ್ಕ ಹೇಳಬೇಕಲ್ಲೋ!"

"ಇವತ್ತೊಂದಿನ ಬಿಡು. ಪಂದ್ಯ ಮುಗೀಲಿ. ನಾಳಿ ನಾನ ದವಾಖಾನಿಗಿ ಹೋಗ್ತೀನಿ. ಕಸಮ್."

ಅಷ್ಟರಲ್ಲಿ ಶಾಂತಕುಮಾರ ಒಳಗೆ ಬಂದು, "ಏಳ್ರಿ ಸರದಾರರ, ಸುರಪುರದವರು ಆಗಲೇ ಕೆರಿ ಮುಟ್ಟ್ಯಾರಂತ!" ಎಂದು ಇಬ್ಬರ ಬೆನ್ನಿಗೂ ಗುದ್ದಿದ. ಅಸದ ಬಾಯಿ ಮುಚ್ಚಿಕೊಂಡು ಎದ್ದ.

ಮೂವರೂ ಶಹಾಪುರದ ಒಂದೇ ಶಾಲೆಯಲ್ಲಿ ಓದಿದವರು. ಅಸದ ಬಸ್‌ಸ್ಟ್ಯಾಂಡಿನ ಹಿಂದೆ ದರ್ಜಿ ಅಂಗಡಿ ಇಟ್ಟಿದ್ದ. ಶಾಂತಕುಮಾರ ಸುಟ್ಟ ಪಂಪ್‌ಸೆಟ್ ಮೋಟರುಗಳಿಗೆ ಹೊಸದಾಗಿ ತಂತಿ ಸುತ್ತಿಕೊಡುತ್ತಿದ್ದ. ನಿಂಗರಾಜ ಒಂದು ಖಾಸಗಿ ಶಾಲೆಯ ವ್ಯಾನ್ ಓಡಿಸುತ್ತಿದ್ದ. ದೀಪಾವಳಿ ಮುಗಿದು ಕೆರೆ ತುಂಬಿರುವ ಹೊತ್ತಿಗೆ ಸಗರದ ಮೀನುಗಾರರು ಗಾಳದ ಪಂದ್ಯ ಇಡುತ್ತಿದ್ದರು. ಮೂವರಿಗೊಂದು ತಂಡ. ಹೊತ್ತು ಮುಳುಗುವುದರೊಳಗೆ ಕಾಟ್ಲಾ, ರೋಹು, ಗೆಂಡೆ ಹಿಡಿದು ಯಾರದ್ದು ಹೆಚ್ಚು ತೂಗುತ್ತದೋ ಅವರಿಗೆ ಒಂದು ಟಗರು. ಹೋದ ವರ್ಷ ಟಗರು ಸುರಪುರಕ್ಕೆ ಹೋಗಿತ್ತು. ಅದನ್ನು ಅವರು ಶಹಾಪುರದ ಪೇಟೆಯಲ್ಲಿ ಮೆರವಣಿಗೆ ಮಾಡಿಸಿಕೊಂಡು ಹೋಗಿದ್ದನ್ನು ಶಾಂತಕುಮಾರ ಮರೆತಿರಲಿಲ್ಲ.

ನಿಂಗರಾಜನನ್ನು ಗಾಡಿ ಓಡಿಸಲು ಅಸದ ಬಿಡಲಿಲ್ಲ. "ನನ್ನ ಹಿಂದ ಕೂಡು," ಎಂದು ಕೀಲಿ ಕಸಿದುಕೊಂಡ. ಊರು ದಾಟುವಷ್ಟರಲ್ಲಿ ಶಾಂತಕುಮಾರನ ಗಾಡಿ ಪಂಕ್ಚರಾಯಿತು. ಹತ್ತಿಯ ಹೊಲಗಳ ನಡುವೆ ತಳ್ಳಿಕೊಂಡು ಹೋಗಿ, ಪಂಕ್ಚರ್ ಹಾಕುವವನನ್ನು ಮನೆಯಿಂದ ಎಬ್ಬಿಸಿ ತರಬೇಕಾಯಿತು. ಕೆರೆ ಮುಟ್ಟಿದಾಗ ಒಳ್ಳೆಯ ಜಾಗಗಳನ್ನೆಲ್ಲ ಬೇರೆಯವರು ಹಿಡಿದಿದ್ದರು. ಇವರಿಗೆ ಸಿಕ್ಕಿದ್ದು ಆಪು ಹುಲ್ಲು ಎತ್ತರಕ್ಕೆ ಬೆಳೆದ ಮೂಲೆ. ಅಲ್ಲಿ ದಂಡೆ ಕಡಿದಾಗಿ ನೀರಿಗೆ ಇಳಿದಿತ್ತು.

ಶೇಂಗಾ ಹಿಂಡಿ, ಮೈದಾ, ಬೆಲ್ಲ ಕಲಸಿ ಶಾಂತಕುಮಾರ ರಾತ್ರಿಯೇ ಎರೆ ಮಾಡಿಟ್ಟಿದ್ದ. ಅವರು ಕೋಲು ಬಿಚ್ಚುತ್ತಿರುವಾಗ, ಬೇವಿನ ಗಿಡಕ್ಕೆ ಕಟ್ಟಿದ್ದ ಬಹುಮಾನದ ಟಗರು ಹಗ್ಗ ಹರಿದುಕೊಂಡು ಬಂದು ಬುಟ್ಟಿಗೇ ಬಾಯಿ ಹಾಕಿತು. ಎಳೆದು ಬಿಡಿಸುವಷ್ಟರಲ್ಲಿ ಮುಕ್ಕಾಲು ಬುಟ್ಟಿ ಖಾಲಿ. ಸುರಪುರದವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಶಹಾಪುರದವರ ಎರಿಗಿ ಟಗರು ಬಿತ್ತಪಾ, ತೂಕ ಮಾಡ್ರಿ!" ಎಂದು ಒಬ್ಬ ಕೂಗಿದ.

ಬೇರೆ ದಿನವಾಗಿದ್ದರೆ ಅಸದನೂ ನಗುತ್ತಿದ್ದ. ಇವತ್ತು ಅವನ ಕಣ್ಣೆಲ್ಲ ನಿಂಗರಾಜನ ತುಟಿಯ ಮೇಲಿತ್ತು. ನಿಂಗರಾಜ ಸುಮ್ಮನಾದಾಗಲೆಲ್ಲ ಏನಾದರೊಂದು ಕೇಳುತ್ತಿದ್ದ. ನೀರಿನ ಅಂಚಿಗೆ ಹೋದರೆ ಹಿಂದಕ್ಕೆ ಕರೆಯುತ್ತಿದ್ದ.

"ನನ್ನ ಕೂಸು ಮಾಡಬ್ಯಾಡಲೇ," ಎಂದು ಗೊಣಗಿದ ನಿಂಗರಾಜ.

"ಏನ್ ನಡಸೀರಿ ಇಬ್ಬರೂ? ಮುಂಜಾನಿಂದ ಗುಸುಗುಸು," ಎಂದ ಶಾಂತಕುಮಾರ. ಅವನ ಸಹನೆ ತೀರಿತ್ತು. ಅವನ ದಾರ ಸುರಪುರದವರ ದಾರಕ್ಕೆ ಸುತ್ತಿಕೊಂಡು ಜಗಳವಾಗಿ, ಕೊನೆಗೆ ದಾರ ಕತ್ತರಿಸಬೇಕಾಗಿ ಬಂದಿತ್ತು. ಮಧ್ಯಾಹ್ನದವರೆಗೆ ಇವರಿಗೆ ಬಿದ್ದದ್ದು ಅಂಗೈಯಗಲದ ಎರಡು ಗೆಂಡೆ. ಅವಸರದಲ್ಲಿ ಹಿಂದಕ್ಕೆ ಬೀಸಿದ ಶಾಂತಕುಮಾರನ ಗಾಳ ಅಸದನ ಅಂಗೈಗೇ ಚುಚ್ಚಿಕೊಂಡಿತು.

ಅದನ್ನು ಕೀಳಿಸಿಕೊಳ್ಳಲು ಅಸದ ದಂಡೆ ಹತ್ತಿ ಪಂದ್ಯದವರು ಹಾಕಿದ್ದ ಟೆಂಟಿನ ಕಡೆ ಹೋದ. ಒಬ್ಬ ಮುದುಕ ಇಕ್ಕಳದಿಂದ ಗಾಳದ ಮುಳ್ಳು ಮುರಿದು ತೆಗೆದು ಅರಿಶಿಣ ಒತ್ತುತ್ತಿದ್ದ. ಅಷ್ಟರಲ್ಲಿ ಕೆಳಗಿನಿಂದ ಶಾಂತಕುಮಾರನ ಕೂಗು ಕೇಳಿತು. "ಬಿತ್ತೋ! ಕಾಟ್ಲಾ! ನಿಂಗ್ಯಾಗ ಕಾಟ್ಲಾ ಬಿತ್ತು!"

ನಿಂಗರಾಜನ ಕೋಲು ಬಿಲ್ಲಿನಂತೆ ಬಾಗಿತ್ತು. ಆಪಿನಾಚೆ ಅಗಲವಾದ ಬಾಲವೊಂದು ನೀರು ಒಡೆದು ಮುಳುಗಿತು. ಸುರಪುರದವರೂ ಎದ್ದು ನಿಂತರು. ನಿಂಗರಾಜ ಹಲ್ಲು ಕಚ್ಚಿ ಹಿಂದಕ್ಕೆ ವಾಲುತ್ತ ರೀಲು ಸುತ್ತುತ್ತಿದ್ದ. ಮುಖದಲ್ಲಿ ಹುಡುಗನ ಖುಷಿ ಇತ್ತು. ಅಸದನಿಗೂ ಒಂದು ಕ್ಷಣ ಎಲ್ಲ ಮರೆತುಹೋಯಿತು, "ಬಿಡಬ್ಯಾಡಲೇ!" ಎಂದು ಕೂಗಿಯೇಬಿಟ್ಟ.

ಆಗ ರೀಲು ಸುತ್ತುವ ಕೈ ನಿಂತಿತು.

ನಿಂಗರಾಜನ ಕತ್ತು ಒಂದು ಕಡೆ ತಿರುಗಿತು. ಮೈ ಸೆಟೆದು ಕಂಬವಾಯಿತು. ಕೋಲು ಬಿಡದ ಕೈಯೊಂದಿಗೇ ಅವನು ಮುಖ ಅಡಿಯಾಗಿ ನೀರಿಗೆ ಬಿದ್ದ.

"ಕೋಲ ಬಿಡಬ್ಯಾಡ! ಕೋಲ ಹಿಡಿ!" ಎಂದು ಶಾಂತಕುಮಾರ ಇನ್ನೂ ಕೂಗುತ್ತಲೇ ಇದ್ದ. ಕಾಲು ಜಾರಿ ಬಿದ್ದನೆಂದೇ ಅವನು ತಿಳಿದಿದ್ದ.

ಅಸದ ದಂಡೆಯಿಂದ ಉರುಳಿದನೋ ಓಡಿದನೋ ಅವನಿಗೇ ಗೊತ್ತಿಲ್ಲ. ನೀರು ಎದೆಮಟ್ಟಕ್ಕಿತ್ತು, ಕಾಲ ಕೆಳಗೆ ಕೆಸರು. ಒದ್ದಾಡುವ ಮೈ ಕೈಗೆ ಸಿಕ್ಕಿ ಜಾರುತ್ತಿತ್ತು. ಅಂಗಿಯ ಕಾಲರು ಹಿಡಿದು ತಲೆ ಮೇಲೆತ್ತಿದಾಗ ನಿಂಗರಾಜನ ಬಾಯಿಂದ ರಕ್ತ ಬೆರೆತ ನೊರೆ ಬಂತು. "ಶಾಂತ್ಯಾ, ಬಾರೋ! ಮೀನ ಹಾಳಾಗಿ ಹೋಗ್ಲಿ, ನಿಂಗ್ಯಾ ಸಾಯಾಕತ್ಯಾನ!" ಎಂದು ಚೀರಿದ. ಶಾಂತಕುಮಾರ ಬಟ್ಟೆ ಸಮೇತ ಹಾರಿದ. ಸುರಪುರದವರಿಬ್ಬರೂ ಹಾರಿದರು. ನಾಲ್ವರು ಸೇರಿ ಅವನನ್ನು ದಂಡೆಗೆಳೆದು ಮಗ್ಗುಲಾಗಿ ಮಲಗಿಸಿದರು. ನೀರು ಕಕ್ಕಿದ ಮೇಲೆ ಉಸಿರು ಗೊರಗೊರ ಎನ್ನುತ್ತ ಬಂತು. ಕೋಲು, ಮೀನು ಎರಡೂ ಕೆರೆಯ ಪಾಲಾಗಿದ್ದವು.

ಪಂದ್ಯ ನಡೆಸುವ ಪರಮಣ್ಣ ಓಡಿ ಬಂದು, ನಿಂಗರಾಜನ ತೊದಲು ಮಾತು, ಮೇಲೆ ಸಿಕ್ಕಿಕೊಂಡ ಕಣ್ಣು ನೋಡಿ ಹುಬ್ಬು ಗಂಟು ಹಾಕಿದ. "ಕುಡದ ಬಂದಾನೇನ್ರಿ ಇವ? ಮೊದಲ ಹೇಳಿದ್ದೆ, ಕುಡದವರು ಕೆರಿಗಿ ಬರಬ್ಯಾಡ್ರಿ ಅಂತ."

ನಿಂಗರಾಜನಿಗೆ ಆಗಷ್ಟೇ ಅರಿವು ತಿಳಿಯಾಗುತ್ತಿತ್ತು. ಸುತ್ತ ನೆರೆದವರನ್ನು ನೋಡಿದ, ಶಾಂತಕುಮಾರನನ್ನು ನೋಡಿದ. ಕಚ್ಚಿಕೊಂಡ ನಾಲಿಗೆಯಲ್ಲೇ, "ಹೌದ್ರಿ... ಕುಡದಿದ್ದೆ. ತಪ್ಪಾತು," ಎಂದ.

ಶಾಂತಕುಮಾರ ತಲೆ ತಲೆ ಚಚ್ಚಿಕೊಂಡ. "ನಾಚಿಗಿ ಇಲ್ಲೇನಲೇ ನಿನಗ?"

ಅಸದ ಸುಮ್ಮನಿದ್ದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಜನ ಕುಡುಕ ಎಂದು ಬೈದು ಮನೆಗೆ ಹೋಗುತ್ತಿದ್ದರು. ನಾಳೆ ಬೆಳಿಗ್ಗೆ ವ್ಯಾನು ಮಕ್ಕಳನ್ನು ತುಂಬಿಕೊಂಡು ಕೆನಾಲಿನ ಪಕ್ಕದ ರಸ್ತೆಯಲ್ಲಿ ಹೋಗುತ್ತಿತ್ತು. ನಿಂಗರಾಜ ಅಸದನ ಒದ್ದೆ ಅಂಗಿಯ ತುದಿ ಹಿಡಿದಿದ್ದ. ಹಿಡಿತ ಬಿಗಿಯಾಗಿತ್ತು.

"ಇವ ಕುಡದಿಲ್ಲ," ಎಂದ ಅಸದ. "ಫಿಟ್ಸ್ ಅದ ಇವಗ. ದಸರಾದಾಗಿಂದ. ಮುಂಜಾನಿನೂ ಬಂದಿತ್ತು."

ನಿಂಗರಾಜ ಅಂಗಿ ಬಿಟ್ಟುಬಿಟ್ಟ.

ಶಾಂತಕುಮಾರನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನು ಕೂಗಾಡಲಿಲ್ಲ. ಪಕ್ಕಕ್ಕೆ ಹೋಗಿ ಸುರಪುರದವರೊಬ್ಬರ ಫೋನು ಇಸಿದುಕೊಂಡು ಹೆಂಡತಿಗೆ ಮಾಡಿದ. "ಚಂದ್ರಕಲಾ, ನಾಳಿ ಪಾಪುನ್ನ ವ್ಯಾನಿಗಿ ಕಳಸಬ್ಯಾಡ. ಆಮ್ಯಾಲ ಹೇಳ್ತೀನಿ." ತಿರುಗಿ ಬಂದವನು ನಿಂಗರಾಜನನ್ನು ಬಿಟ್ಟು ಅಸದನ ಮುಂದೆ ನಿಂತ.

"ಮುಂಜಾನಿ ಗೊತ್ತಿತ್ತು ನಿನಗ. ಗೊತ್ತಿದ್ದೂ ನೀರಿನ ದಂಡಿಗಿ ಕರಕೊಂಡ ಬಂದಿ. ಅವ ಸತ್ತಿದ್ರ? ನನ್ನ ಮಗಳ ವಿಷಯ ಗೊತ್ತಿದ್ದೂ ನನ್ನ ಮುಂದ ಚಹಾ ಕುಡದಿಯಲ್ಲೋ."

ನಿಂಗರಾಜನ 'ಇವತ್ತೊಂದಿನ'ಕ್ಕೆ ಅಸದ ತಾನೂ ಒಪ್ಪಿಕೊಂಡಿದ್ದ. ಪಂದ್ಯದ ಆಸೆ ತನಗೂ ಇತ್ತು.

ಸುರಪುರದವರ ಟಂಟಂ ಆಟೋದಲ್ಲಿ ನಿಂಗರಾಜನನ್ನು ಶಹಾಪುರದ ದವಾಖಾನೆಗೆ ತಂದರು. ದಾರಿಯುದ್ದಕ್ಕೂ ಶಾಂತಕುಮಾರ ಅವನ ತಲೆ ತೊಡೆಯ ಮೇಲಿಟ್ಟುಕೊಂಡಿದ್ದ. ವಿಷಯ ತಿಳಿದು ನಿಂಗರಾಜನ ಹೆಂಡತಿ ರತ್ನಾಬಾಯಿ ಓಡಿ ಬಂದಳು. ತಲೆದಿಂಬಿನ ಮೇಲೆ ರಕ್ತದ ಕಲೆ ಕಂಡಾಗಲೆಲ್ಲ ಹಲ್ಲುನೋವು ಎಂದು ಗಂಡ ಹೇಳುತ್ತಿದ್ದನಂತೆ. ಡಾಕ್ಟರಮ್ಮ ಗುಳಿಗೆ ಬರೆದು, ತಲೆಯ ಸ್ಕ್ಯಾನಿಗೆ ಯಾದಗಿರಿಗೆ ಹೋಗಬೇಕೆಂದು ಹೇಳಿ, "ಗಾಡಿ ಮಾತ್ರ ಮುಟ್ಟಬ್ಯಾಡ್ರಿ," ಎಂದರು.

ಅವರು ಹೋದ ಮೇಲೆ ನಿಂಗರಾಜ ಕೈ ಚಾಚಿದ. "ಅಸದ, ಫೋನ್ ಕೊಡು." ಅವನ ಫೋನು ಕೆರೆಯಲ್ಲಿತ್ತು, ಟೆಂಟಿನಲ್ಲಿ ಬಿಟ್ಟಿದ್ದರಿಂದ ಅಸದನದು ಉಳಿದಿತ್ತು. ಶಾಲೆಯ ಮ್ಯಾನೇಜರಿಗೆ ತಾನೇ ಮಾಡಿದ. "ಸರ, ನಾಳಿಂದ ಬ್ಯಾರೆ ಡ್ರೈವರ್ ನೋಡ್ಕೋರಿ. ಇಲ್ಲರಿ, ರಜಾ ಅಲ್ಲ... ನನಗ ಆರಾಮಿಲ್ಲ." ಫೋನು ಹಿಂದಕ್ಕೆ ಕೊಡುವಾಗ ಅಸದನ ಮುಖ ನೋಡಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದ.

ಆ ವಾರವೆಲ್ಲ ಅಸದನಿಗೆ ಹೊಲಿಗೆ ಮೇಲೆ ಮನಸ್ಸಿರಲಿಲ್ಲ. ಶಾಂತಕುಮಾರ ಅಂಗಡಿಯ ಮುಂದೆ ಹಾದುಹೋದರೂ ಗಾಡಿ ನಿಲ್ಲಿಸಲಿಲ್ಲ. ಶುಕ್ರವಾರ ನಮಾಜು ಮುಗಿಸಿ ಅಸದ ನಿಂಗರಾಜನ ಮನೆಗೆ ಹೋದ. ಬಾಗಿಲಲ್ಲೇ ನಿಂತ. ನಿಂಗರಾಜ ಹೊರಸಿನ ಮೇಲೆ ಕೂತಿದ್ದ, ಮುಖ ಬಾಡಿತ್ತು.

"ಯಾದಗಿರಿಗಿ ಹೋಗಿದ್ದಿ?"

"ಶಾಂತ್ಯಾ ಕರಕೊಂಡ ಹೋಗಿದ್ದ. ಗುಳಿಗಿ ವರ್ಷಾನುಗಟ್ಲೆ ತಗೋಬೇಕಂತ." ಗುಳಿಗೆಯ ಡಬ್ಬಿ ಪಕ್ಕಕ್ಕೆ ಸರಿಸಿ, "ಅಂಗಡ್ಯಾಗ ಕೂತು ತಂತಿ ಸುತ್ತು ಬಾ ಅಂದಾನ. ನಾ ಇನ್ನೂ ಹೂಂ ಅಂದಿಲ್ಲ," ಎಂದ.

"ಹೋಗು. ಛಲೋ ಕೆಲಸ."

"ನೀ ನನಗ ಹೇಳಾಕ ಬರಬ್ಯಾಡ." ನಿಂಗರಾಜನ ದನಿ ಒಮ್ಮೆಲೇ ಏರಿ, ಅಲ್ಲಿಯೇ ಇಳಿಯಿತು. "ನಿನ್ನ ಮ್ಯಾಲ ಭಾಳ ಸಿಟ್ಟ ಅದ ನನಗ. ಮಕ್ಕಳು ಆ ಗಾಡ್ಯಾಗ ಇದ್ದರು ಅಂತ ನೆನಸ್ಕೊಂಡ್ರ ರಾತ್ರಿ ನಿದ್ದಿ ಬರಂಗಿಲ್ಲ. ಆದ್ರೂ ಸಿಟ್ಟ ಅದ."

"ಇರ್ಲಿ," ಎಂದ ಅಸದ.

ಒಳಗಿನಿಂದ ರತ್ನಾಬಾಯಿ, "ಅಣ್ಣಾ, ಯಾಕ ನಿಂತೀರಿ? ಒಳಗ ಬರ್ರಿ," ಎಂದಳು. ಅಸದ ನಿಂಗರಾಜನ ಕಡೆ ನೋಡಿದ. ಅವನು ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಅಸದ ಚಪ್ಪಲಿ ಬಿಟ್ಟು ಒಳಗೆ ಬಂದು ಗೋಡೆಗೊರಗಿ ಕೂತ.