ಸೊನ್ನೆಗಿಳಿದ ಮುಳ್ಳು

ಡ್ರೈವರ್ ಲಕ್ಕಣ್ಣ ಕೀ ತಿರುಗಿಸಿದರೂ ಪೆಟ್ರೋಲಿನ ಮುಳ್ಳು ಸೊನ್ನೆ ಬಿಟ್ಟು ಏಳಲಿಲ್ಲ. ಹಿಂದಿನ ಸೀಟಿನಿಂದ ಈರಭದ್ರಪ್ಪ ಕತ್ತು ಚಾಚಿ ನೋಡಿದ. ಕಡೂರಿನ ತಾಲ್ಲೂಕು ಕಚೇರಿಯೊಳಕ್ಕೆ ತಾನು ಹೋಗುವಾಗ ಅದು ಅರ್ಧದಲ್ಲಿತ್ತು. ಈಗ ಲಕ್ಕಣ್ಣನ ಕಾಲ ಬಳಿ ಡಬ್ಬವೊಂದಿತ್ತು.

"ಡಬ್ಬ ಯಾಕೋ?"

"ರೇಡಿಯೇಟರಿಗೆ ನೀರು ತರಕ್ಕೆ ಹೋಗಿದ್ದೆ, ಯಜಮಾನ್ರೇ."

ಈರಭದ್ರಪ್ಪ ಡಬ್ಬ ಇಸಿದುಕೊಂಡು ಮೂಸಿದ. ಪೆಟ್ರೋಲಿನ ವಾಸನೆ. ಡ್ರೈವರನ ಕೈ ಸೋಕಿದ ಯಾವುದಕ್ಕೆ ತಾನೇ ಆ ವಾಸನೆ ಇರುವುದಿಲ್ಲ ಎಂದು ಮನಸ್ಸು ಹೇಳಿತು; ಅವನು ಅದನ್ನು ಕೇಳಿಸಿಕೊಳ್ಳಲಿಲ್ಲ.

ಅಜ್ಜಂಪುರದ ಅವನ ಗಾಣದಲ್ಲಿ ಸಂಜೆ ಆಳುಗಳನ್ನು ಮನೆಗೆ ಬಿಡುವ ಮುಂಚೆ ತಲೆ ಸವರಿ ನೋಡುವ ಪದ್ಧತಿ. ಕೂದಲಿಗೆ ಎಣ್ಣೆ ಬಳಿದುಕೊಂಡು ಹೋದಾರು ಎಂದು. ಒಂಬತ್ತು ವರ್ಷದಲ್ಲಿ ಲಕ್ಕಣ್ಣನೊಬ್ಬನ ತಲೆಯನ್ನು ಅವನು ಮುಟ್ಟಿರಲಿಲ್ಲ.

"ಟ್ಯಾಂಕಲ್ಲಿ ಐತೆ ಯಜಮಾನ್ರೇ. ಮುಳ್ಳಿಗೇ ಏನೋ ಆಗೈತೆ."

"ಮುಳ್ಳಿಗೆ ಹೆಂಡ್ತಿ ಮಕ್ಕಳಿಲ್ಲ ಕಣೋ, ಅದ್ಯಾಕೆ ಸುಳ್ಳು ಹೇಳೀತು? ಊರು ಸೇರಿದ ಮೇಲೆ ಕೀ ಕೊಟ್ಬಿಡು."

ಲಕ್ಕಣ್ಣ ಕಾರು ಹೊರಡಿಸಿದ. ಬೀರೂರು ದಾಟಿತು. ಕಾರು ನಿಂತೇಬಿಡಲಿ ಎಂದು ಈರಭದ್ರಪ್ಪ ಕಾದ. ನಿಲ್ಲಲಿಲ್ಲ. ಕಳ್ಳ, ಊರು ಮುಟ್ಟುವಷ್ಟು ಉಳಿಸಿಯೇ ತೆಗೆದಿದ್ದಾನೆ ಅಂದುಕೊಂಡ.

ತರೀಕೆರೆಯಲ್ಲಿ ಲಕ್ಕಣ್ಣ, ಹೇಳದೆ ಕೇಳದೆ, ಮೆಕ್ಯಾನಿಕ್ ಹನೀಫನ ಶೆಡ್ಡಿನ ಮುಂದೆ ನಿಲ್ಲಿಸಿದ. ಹನೀಫ ಟ್ಯಾಂಕಿನ ಮುಚ್ಚಳ ಬಿಚ್ಚಿ, ಒಳಗಿನ ಕಡ್ಡಿಯ ತುದಿಗಿದ್ದ ಟೊಳ್ಳು ಹಿತ್ತಾಳೆ ಬುರುಡೆಯನ್ನು ಹೊರಗೆಳೆದು ಕಿವಿಯ ಹತ್ತಿರ ಅಲ್ಲಾಡಿಸಿದ. ಒಳಗೆ ಗುಳುಗುಳು ಎಂದಿತು.

"ಬೆಸುಗೆ ಬಿಟ್ಟೈತೆ ಸಾಹುಕಾರ್ರೆ. ಪೆಟ್ರೋಲ್ ಕುಡ್ದು ಮುಳುಗೋಗೈತೆ. ಇದು ತೇಲ್ಬೇಕು. ಇದು ಏರಿಳಿದಂಗೆ ಕಡ್ಡಿ ಈ ತಂತಿ ಸುರುಳಿ ಮೇಲೆ ಜಾರ್ತದೆ, ಕರೆಂಟು ಹೆಚ್ಚುಕಮ್ಮಿ ಆಯ್ತದೆ. ಮುಂದಿರೋ ಮುಳ್ಳು ಆ ಕರೆಂಟ್ ನೋಡಿ ಆಡ್ತದೆ ಅಷ್ಟೇ. ಪೆಟ್ರೋಲನ್ನ ಅದು ಕಂಡೇ ಇಲ್ಲ."

"ನೀವಿಬ್ಬರೂ ಹಳೇ ಗೆಣೆಕಾರರು ಅಂತ ಕಾಣ್ತದೆ."

ಹನೀಫ ನಕ್ಕು ಒಂದು ಬಿದಿರುಕಡ್ಡಿ ಕೊಟ್ಟ. "ನಂಬಬೇಡಿ. ನೀವೇ ಇಳಿಸಿ ನೋಡ್ಕಳಿ."

ಈರಭದ್ರಪ್ಪ ಇಳಿಸಿದ. ಕಡ್ಡಿ ಹತ್ತಿರ ಹತ್ತಿರ ಅರ್ಧಕ್ಕೆ ಒದ್ದೆಯಾಗಿ ಬಂತು. ಅವನು ನೋಡುತ್ತಿದ್ದಂತೆಯೇ ಆರಿತು.

ಹನೀಫ ಹಳೆಯ ಕಾರೊಂದರ ಬುರುಡೆ ಕೂರಿಸಿಕೊಟ್ಟ. ಮುಳ್ಳು ಎದ್ದು ಅರ್ಧದ ಹತ್ತಿರ ನಿಂತಿತು. ಅಜ್ಜಂಪುರದ ದಾರಿಯಲ್ಲಿ ಈರಭದ್ರಪ್ಪ ಎರಡು ಸಲ ಕೆಮ್ಮಿದ.

"ಕೀ ನಿನ್ನತ್ರಾನೇ ಇರ್ಲಿ ಕಣೋ."

"ಹೂಂ."

ಗಾಣ ಮುಟ್ಟುವಾಗ ಹೊತ್ತು ಇಳಿದಿತ್ತು. ಆಳುಗಳು ಬಾಗಿಲಲ್ಲಿ ಸಾಲಾಗಿ ನಿಂತಿದ್ದರು. ಈರಭದ್ರಪ್ಪ ಎಂದಿನಂತೆ ಒಂದೊಂದೇ ತಲೆ ಸವರುತ್ತಾ, ಅಂಗೈಯನ್ನು ಬೆಳಕಿಗೆ ಹಿಡಿದು ನೋಡುತ್ತಾ ಬಂದ. ಬೀರಯ್ಯನದು ಮುಗಿಯಿತು, ಬೆನಕಪ್ಪನದು ಮುಗಿಯಿತು.

ಸಾಲಿನ ಕೊನೆಯಲ್ಲಿ ಲಕ್ಕಣ್ಣ ನಿಂತಿದ್ದ. ಖಾಕಿ ಟೋಪಿಯನ್ನು ತೆಗೆದು ಕಂಕುಳಲ್ಲಿಟ್ಟುಕೊಂಡು, ತಲೆ ಬಗ್ಗಿಸಿದ್ದ. ನೆತ್ತಿಯ ಮೇಲೆ ಟೋಪಿ ಒತ್ತಿದ ಗೆರೆ ಇನ್ನೂ ಇತ್ತು.

ಈರಭದ್ರಪ್ಪನ ಕೈ ಮೇಲೆದ್ದು ಹಾಗೆಯೇ ನಿಂತಿತು.