ಗಾಳಿಗೊಂದು ಕನ್ನಡಕ

ಎರಡನೆಯ ಹೊದಿಕೆಯನ್ನು ಹಿಂಡಿ ಹಗ್ಗದ ಮೇಲೆ ಹರವುತ್ತಿದ್ದೆ, ಗೇಟಿನ ಸದ್ದಾಯಿತು. ತಿರುಗಿ ನೋಡಿದರೆ ಮಿಡತೆ. ಕಾಲು ಗಂಟೆಯ ಹಿಂದೆ ಬೆಲ್ಲು ಬಾರಿಸಿಕೊಂಡು ಶಾಲೆಗೆ ಹೊರಟವಳು ಈಗ ಸೈಕಲ್ ತಳ್ಳಿಕೊಂಡು ವಾಪಸು ಬಂದಿದ್ದಾಳೆ. ಮೂಗು ಕೆಂಪಾಗಿದೆ, ಕೆನ್ನೆಗಳ ಮೇಲೆ ಕಣ್ಣೀರಿನ ಗೆರೆ ಒಣಗಿದೆ, ಬಲ ಮಂಡಿಗೆ ಕೆಸರು ಮೆತ್ತಿದೆ.

"ಬಿದ್ಯಾ?"

"ಬೀಳ್ಲಿಲ್ಲ. ಇಳಿದೆ."

"ಮಂಡಿ ಮೇಲೆ ಕೆಸರು?"

"ನನಗಿಂತ ಮೊದಲು ಮಂಡಿ ಇಳೀತು."

ಹನ್ನೊಂದು ವರ್ಷದ ನನ್ನ ಮಗಳ ಕಾಲು ಉದ್ದ, ನಾಲಿಗೆ ಅದಕ್ಕಿಂತ ಉದ್ದ. ಹುಟ್ಟಿದಾಗ ಇಟ್ಟ ಹೆಸರನ್ನು ಬಿಟ್ಟು ಮನೆಯವರೆಲ್ಲ ಮಿಡತೆ ಎನ್ನುವುದು ಆ ಕಾಲುಗಳಿಗಾಗಿ. ಹಸಿ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಅವಳ ಮಂಡಿ ನೋಡುತ್ತಿದ್ದಂತೆ ಇವರು ಅರ್ಧ ಮುಖಕ್ಕೆ ಸೋಪಿನ ನೊರೆ ಇಟ್ಟುಕೊಂಡೇ ಹೊರಗೆ ಬಂದರು.

"ಎಲ್ಲಿ ಬಿದ್ದಿದ್ದು?"

"ಪಂಪ್‌ಹೌಸ್ ಹತ್ರ. ಜಲ್ಲಿ ರಾಶಿ ಇತ್ತು."

"ಅಲ್ಲಿ ಆಳೆತ್ತರದ ಬೋರ್ಡ್ ನಿಲ್ಲಿಸಿದಾರಲ್ಲ, ಕೆಲಸ ನಡೀತಿದೆ ಅಂತ!"

"ಕಣ್ಣಲ್ಲಿ ನೀರು ತುಂಬಿತ್ತಪ್ಪ. ಗಾಳಿ."

"ಗಾಳಿಯೋ ಮತ್ತೊಂದೋ. ಕಣ್ಣು ಕಾಣದವರು ಸೈಕಲ್ ಹತ್ತಬಾರದು, ಅಷ್ಟೇ. ಚಳಿ ಮುಗಿಯೋವರೆಗೂ ಅದು ಶೆಡ್ಡಲ್ಲಿರಲಿ. ನೀನು ಬಸ್ಸಲ್ಲಿ ಹೋಗು."

ಮಿಡತೆ ಹ್ಯಾಂಡಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಬೇಸಿಗೆ ರಜೆಯಿಡೀ ಬಿದ್ದು ಎದ್ದು ಕಲಿತ ಸೈಕಲ್ಲು ಅದು. ನಾಲ್ವರು ಗೆಳತಿಯರು ಸಾಲಾಗಿ ಹೋಗುತ್ತಾರೆ, ಇವಳು ಎರಡನೆಯವಳು. ಮೊದಲನೆಯವಳಾಗು ಎಂದು ಎಷ್ಟು ಹೇಳಿದರೂ ಒಲ್ಲೆ ಎನ್ನುತ್ತಾಳೆ, ಅದೇ ನನಗೊಂದು ಸೋಜಿಗ. ಚಳಿ ಬಿದ್ದ ಮೇಲೆ ಕಣ್ಣಲ್ಲಿ ನೀರು ಸುರಿಸಿಕೊಂಡು ತರಗತಿಗೆ ಹೋಗುವವಳಿಗೆ ಅಳುಬುರುಕಿ ಎಂಬ ಬಿರುದೂ ಸಿಕ್ಕಿತ್ತು. ಅದನ್ನೂ ನುಂಗಿಕೊಂಡು ಹೋಗುತ್ತಿದ್ದಳೇ ಹೊರತು ಸೈಕಲ್ ಬಿಡುವ ಮಾತೆತ್ತಿರಲಿಲ್ಲ.

"ರೀ, ಸೋಮವಾರದವರೆಗೆ ಟೈಮ್ ಕೊಡಿ," ಎಂದೆ. "ಗಾಳಿ ತಡೆಯೋ ಕನ್ನಡಕ ಸಿಗತ್ತೆ. ಇವತ್ತು ಮಧ್ಯಾಹ್ನ ನೋಡ್ತೀನಿ."

"ಸೋಮವಾರ. ಆಮೇಲೆ ಬೀಗದ ಕೈ ನನ್ನ ಹತ್ರ," ಎಂದು ಇವರು ಉಳಿದರ್ಧ ಮುಖದ ಕಡೆಗೆ ಹೋದರು.

ಅವಳ ಮಂಡಿ ತೊಳೆಯುವಾಗ ಮಿಡತೆ ಮೆಲ್ಲಗೆ, "ಅಮ್ಮಾ, ಒಂದು ಕೇಳ್ಲಾ?" ಎಂದಳು.

"ಕೇಳು."

ಅವಳು ನನ್ನ ಮುಖ ನೋಡಿ, ಮಂಡಿಯ ಕಡೆ ಕಣ್ಣು ಇಳಿಸಿದಳು. "ಸೊಳ್ಳೆಗೆ ಮಂಡಿ ಇರತ್ತಾ?"

ಎರಡು ವಾರದಿಂದ ಹೀಗೇ ನಡೆದಿತ್ತು. ಒಂದು ಕೇಳ್ಲಾ ಎನ್ನುವುದು, ಆಮೇಲೆ ಸೊಳ್ಳೆಯನ್ನೋ ಚಂದ್ರನನ್ನೋ ನಡುವೆ ತಂದು ನಿಲ್ಲಿಸುವುದು. ಕೇಳಬೇಕಾದದ್ದು ಬೇರೇನೋ ಇದೆ ಎಂದು ನನಗೆ ಗೊತ್ತಿತ್ತು. ಬಲವಂತ ಮಾಡಿದರೆ ಬಾಯಿ ಬಿಡುವ ಮಗುವಲ್ಲ.

ಇವರು ಅವಳನ್ನು ಸ್ಕೂಟರಿನಲ್ಲಿ ಶಾಲೆಗೆ ಬಿಟ್ಟು ಕೆಲಸಕ್ಕೆ ಹೋದರು. ಬಟ್ಟೆ ಒಣಹಾಕಿ ಬಂದು ಹೊಲಿಗೆ ಪೆಟ್ಟಿಗೆಯ ತಳ ಕೆದಕಿದೆ. ಗುಂಡಿ, ಹಳೇ ಲೇಸು, ತುಕ್ಕು ಹಿಡಿದ ಕತ್ತರಿಗಳ ಕೆಳಗೆ ಅದು ಇನ್ನೂ ಇತ್ತು. ಎರಡು ದುಂಡು ಗಾಜು, ಅಂಚಿಗೆಲ್ಲ ಕಂದು ಚರ್ಮದ ಹೊಲಿಗೆ. ಅಪ್ಪ ನನಗೆಂದು ಮಾಡಿದ ಸೈಕಲ್ ಕನ್ನಡಕ.

ಅಪ್ಪ ಕನ್ನಡಕದ ಅಂಗಡಿಯೊಂದರ ಹಿಂಬದಿ ಕೋಣೆಯಲ್ಲಿ ಗಾಜು ಉಜ್ಜುತ್ತಿದ್ದರು, ಗಿರಾಕಿಗಳಿಗೆ ಕನ್ನಡಕ ಹಾಕಿಸಿ ನೋಡುವುದೂ ಅವರದೇ ಕೆಲಸ. ಅವರ ಉಗುರಿನ ಸಂದಿಯಲ್ಲಿ ಗಾಜಿಗೆ ಹೊಳಪು ಕೊಡುವ ಕೆಂಪು ಪುಡಿ ಯಾವಾಗಲೂ ಇರುತ್ತಿತ್ತು. ಸಂಜೆ ಅವರು ನನ್ನ ತಲೆ ಸವರಿದರೆ ಒದ್ದೆ ಕಲ್ಲಿನ ವಾಸನೆ. ಜೀವಮಾನದಲ್ಲಿ ಸೈಕಲ್ ಹತ್ತಿದವರಲ್ಲ, ಎಲ್ಲಿಗಾದರೂ ನಡೆದೇ ಹೋಗುವವರು. ಆದರೂ ನನ್ನ ಕಣ್ಣಲ್ಲಿ ಚಳಿಗಾಳಿಗೆ ನೀರು ಬರುವುದನ್ನು ನೋಡಿ ನಾಲ್ಕು ಸಂಜೆ ಕೂತು ಇದನ್ನು ಹೊಲಿದರು. ಚರ್ಮ ಹಳೇ ಕೈಚೀಲದ್ದು, ಹಿಂದಿನ ಪಟ್ಟಿ ಅಮ್ಮನ ಲಂಗದ ಎಲಾಸ್ಟಿಕ್. "ಮಗಳ ಕಣ್ಣು ಉಳೀತು, ನನ್ನ ಮಾನ ಹೋಯ್ತು," ಎಂದು ಅಮ್ಮ ಬೈದದ್ದು ನೆನಪಿದೆ.

ಒಂದು ಕೂದಲೆಳೆಯೂ ನುಸುಳದ ಹಾಗೆ ಅಪ್ಪ ಅದನ್ನು ಬಿಗಿಯಾಗಿ ಕೂರಿಸಿದ್ದರು. ತಪ್ಪಾದದ್ದೇ ಅಲ್ಲಿ. ಗಾಜಿನ ಕೆಲಸದವರಿಗೆ ಧೂಳೆಂದರೆ ಶತ್ರು. ಆದರೆ ಪೆಡಲ್ ತುಳಿದು ಮೈ ಬಿಸಿಯಾದರೆ ಒಳಗಿನ ಹಬೆ ಹೊರಗೆ ಹೋಗಲು ದಾರಿ ಬೇಡವೇ? ಎರಡನೆಯ ತಿರುವು ಬರುವಷ್ಟರಲ್ಲಿ ಗಾಜು ಹಾಲಿನಂತೆ ಬೆಳ್ಳಗಾಗುತ್ತಿತ್ತು. ನಾನು ಅದನ್ನು ಹಣೆಗೇರಿಸಿಕೊಂಡು ಮೊದಲಿನಂತೆ ನೀರು ಸುರಿಸುತ್ತ ಹೋಗುತ್ತಿದ್ದೆ. ಮನೆಯ ಬೀದಿಗೆ ಬಂದಾಗ ಮತ್ತೆ ಇಳಿಸಿಕೊಳ್ಳುತ್ತಿದ್ದೆ. ದಿನವೂ ಅಪ್ಪ, "ಕಾಣ್ತಿತ್ತಾ?" ಎನ್ನುವರು. "ಹೂಂ ಅಪ್ಪಾ, ಚೆನ್ನಾಗಿ ಕಾಣ್ತಿತ್ತು," ಎನ್ನುತ್ತಿದ್ದೆ. ನಾಲ್ಕು ಸಂಜೆಯ ಕೆಲಸಕ್ಕೆ ಇಲ್ಲ ಎನ್ನಲು ನನಗೆ ಬಾಯಿ ಬರುತ್ತಿರಲಿಲ್ಲ.

ಎಂಟನೆಯ ದಿನ ಭಾನುವಾರ. ಅಂಗಳದಲ್ಲಿ ಹತ್ತು ಸುತ್ತು ಹೊಡೆಸಿ, ಸೈಕಲ್ ನಿಲ್ಲಿಸಿ, ಅಪ್ಪ ಕೈಯೆತ್ತಿ ಹಿಡಿದರು.

"ಏನು ಕಾಣ್ತಿದೆ, ಹೇಳು."

ಬಿಳಿಯ ಮಂಜಿನಲ್ಲಿ ಏನೋ ಕಪ್ಪಗೆ ಆಡಿತು. "ಪುಸ್ತಕ," ಎಂದೆ.

ಅದು ಅವರ ಚಪ್ಪಲಿ. ಮೊದಲು ಅವರೇ ನಕ್ಕರು, ಆಮೇಲೆ ನಾನು ಅತ್ತೆ. ಅಪ್ಪ ಬಯ್ಯಲಿಲ್ಲ. ಮೆಟ್ಟಿಲ ಮೇಲೆ ಕೂತು ದಬ್ಬಳದಿಂದ ಚರ್ಮಕ್ಕೆ ಆಚೆ ಮೂರು, ಈಚೆ ಮೂರು ತೂತು ಕೊರೆಯುತ್ತ ಹೇಳಿದರು: "ತಪ್ಪು ನಂದು ಕಣಮ್ಮ. ಅಂಗಡಿಗೆ ಬಂದವರನ್ನ ಕಾಣ್ತಿದೆಯಾ ಅಂದ್ರೆ ಎಲ್ರೂ ಹೂಂ ಅಂತಾರೆ. ಏನು ಕಾಣ್ತಿದೆ ಅಂತ ಕೇಳ್ಬೇಕು. ಬೇರೆಯವರಿಗೆ ದಿನಾ ಕೇಳ್ತೀನಿ, ಮಗಳಿಗೆ ಕೇಳೋದು ಮರೆತೆ." ಹಬೆ ಕೂರದಿರಲೆಂದು ಒಣ ಸೋಪನ್ನು ಗಾಜಿನ ಒಳಮೈಗೆ ತೆಳ್ಳಗೆ ತಿಕ್ಕಿ, ಬಟ್ಟೆಯಿಂದ ಒರೆಸಿದರು. ಆ ಚಳಿಗಾಲವಿಡೀ ನನಗೆ ದಾರಿ ಕಂಡಿತು.

ಶಾಲೆ ಬಿಟ್ಟು ಬಂದ ಮಿಡತೆ ಅದನ್ನು ಹಾಕಿಕೊಂಡು ಕನ್ನಡಿಯ ಮುಂದೆ ನಿಂತಳು. "ಅಮ್ಮಾ, ಗೂಬೆ! ತಾತ ನಿನ್ನನ್ನ ಗೂಬೆ ಮಾಡಿ ಕಳಿಸ್ತಿದ್ರಾ?" ಎಲಾಸ್ಟಿಕ್ ಸೋತು ಜೋತುಬಿದ್ದಿತ್ತು, ಗಾಜಿನ ಮೇಲೆ ಗೀರುಗಳು. ಅದರ ಕಾಲ ಮುಗಿದಿತ್ತು. ಮತ್ತೆ ಬಟ್ಟೆಯಲ್ಲಿ ಸುತ್ತಿಟ್ಟೆ. ಸೈಕಲ್ ತಳ್ಳಿಕೊಂಡು ಇಬ್ಬರೂ ಅಂಗಡಿಗೆ ಹೊರಟೆವು.

ನಮಗೆ ಹೊಸದಾದ ಒಂದು ಬೀದಿಯಲ್ಲಿತ್ತು ಆ ಸೈಕಲ್ ಅಂಗಡಿ. ನಡೆಸುವಾಕೆ ಗಟ್ಟಿಗಿತ್ತಿ, ಮೊಣಕೈವರೆಗೆ ಗ್ರೀಸು. ಮಿಡತೆಯ ಕೈ ನೇರ ಕಪ್ಪು ಕನ್ನಡಕಕ್ಕೆ ಹೋಯಿತು.

"ಬೆಳಗಿನ ಮಂಜಲ್ಲಿ ಕಪ್ಪು ಹಾಕ್ಕೊಂಡು ಹೋಗ್ತೀಯಾ ಪುಟ್ಟಿ? ಕತ್ತಲನ್ನ ಜೊತೇಲೇ ಕರ್ಕೊಂಡು ಹೋದ ಹಾಗಾಗತ್ತೆ," ಎಂದು ಆಕೆ ಅದನ್ನು ಕಿತ್ತಿಟ್ಟಳು. "ಬಿಸಿಲಿಗೆ ಅದು. ನಿನಗೆ ಬಿಳೀದೇ ಸರಿ, ಇಲ್ಲ ತಿಳಿ ಹಳದಿ. ಅಕ್ಕಾ, ಪಕ್ಕದಿಂದ ಗಾಳಿ ನುಗ್ಗಬಾರದು, ಕೆನ್ನೆಗೆ ಬಾಗಿರೋದು ನೋಡಿ. ಹಾಗಂತ ಪೂರ್ತಿ ಅಂಟಿಕೊಂಡಿರಲೂಬಾರದು."

"ಹಬೆ ಕೂರತ್ತೆ," ಎಂದೆ.

"ಗೊತ್ತಿದೆಯಲ್ಲ ನಿಮಗೆ! ಮಫ್ಲರ್ ಮೂಗಿನ ಕೆಳಗೆ ಕಟ್ಟಿ. ಮೂಗಿನ ಮೇಲೆ ಕಟ್ಟಿದ್ರೆ ಉಸಿರೆಲ್ಲ ಗಾಜಿಗೇ ಹೋಗತ್ತೆ." ಆಕೆ ಡಬ್ಬಿಯಿಂದ ಇನ್ನೊಂದು ದೊಡ್ಡದನ್ನು ತೆಗೆದಳು. "ಇದು ನಂಬರ್ ಕನ್ನಡಕದ ಮೇಲೇ ಹಾಕ್ಕೊಳ್ಳೋದು. ನಿನಗೆ ಬೇಡ ಬಿಡು."

ಮಿಡತೆ ಅದನ್ನು ಕೈಗೆತ್ತಿಕೊಂಡಳು. ಹಿಂದೆ ಮುಂದೆ ತಿರುಗಿಸಿದಳು. "ಕನ್ನಡಕ ಇರೋರೂ ಸೈಕಲ್ ಹೊಡೀತಾರಾ ಆಂಟಿ?"

"ಹೊಡೀದೆ ಏನು? ನನ್ನ ಗಿರಾಕಿಗಳಲ್ಲಿ ಅರ್ಧ ಜನ ನಾಲ್ಕು ಕಣ್ಣಿನವರೇ."

ಅದನ್ನು ಮೆತ್ತಗೆ ಕೆಳಗಿಟ್ಟು ಮಿಡತೆ ಬಿಳಿಯದನ್ನು ಹಾಕಿಕೊಂಡಳು. ಬೀದಿಯಲ್ಲಿ ಎರಡು ಸುತ್ತು ಹೊಡೆದು ಬರಲು ಆಕೆ ಒಪ್ಪಿದಳು. ಗಾಳಿ ಚೆನ್ನಾಗಿಯೇ ಬೀಸುತ್ತಿತ್ತು, ನನ್ನ ಕಣ್ಣಲ್ಲೇ ನೀರು. ಮಿಡತೆ ಎರಡು ಸುತ್ತಿನ ಬದಲು ನಾಲ್ಕು ಸುತ್ತು ಹೊಡೆದು ನಮ್ಮ ಮುಂದೆ ಬ್ರೇಕ್ ಹಾಕಿದಳು.

"ಅಮ್ಮಾ, ಮುಟ್ಟಿ ನೋಡು! ಕೆನ್ನೆ ಒಣಗಿದೆ!"

ಮುಟ್ಟಿದೆ. ಒಂದು ಹನಿಯೂ ಇರಲಿಲ್ಲ. ಸೋಮವಾರ ಗೆದ್ದಂತೆಯೇ ಎನ್ನಿಸಿತು.

"ದಾರಿ ಚೆನ್ನಾಗಿ ಕಾಣ್ತಿತ್ತಾ?"

"ಹೂಂ."

ಆ ಹೂಂ ಬಲು ಬೇಗ ಬಂತು. ಎಲ್ಲೋ ಕೇಳಿದ ಹೂಂ ಅದು. ನನ್ನದೇ ಬಾಯಿಂದ, ಏಳು ದಿನ. ನಾನೂ ಮಗಳನ್ನು ಅಪ್ಪನ ಹಾಗೆಯೇ ತಪ್ಪಾಗಿ ಕೇಳಿದ್ದೆನಲ್ಲ!

ಅವಳ ಸುತ್ತುಗಳು ಮುಟ್ಟದಿದ್ದ ಬೀದಿಯ ಕೊನೆಯಲ್ಲಿ ನೀಲಿ ಬೋರ್ಡಿನ ಮೇಲೆ ಬಿಳಿಯ ದಪ್ಪ ಅಕ್ಷರ: ಹೊಲಿಗೆ ಅಂಗಡಿ. ಬೆರಳು ಮಾಡಿ ತೋರಿಸಿದೆ.

"ಅಲ್ಲಿ ಏನು ಕಾಣ್ತಿದೆ, ಹೇಳು."

"ಬೋರ್ಡು."

"ಬೋರ್ಡಿನ ಮೇಲೆ?"

"ನೀಲಿ."

"ನೀಲಿಯ ಮೇಲೆ?"

ಮಿಡತೆ ಕನ್ನಡಕ ತೆಗೆದಳು. ಅಂಗಿಯ ತುದಿಯಿಂದ ಒರೆಸಿದಳು, ಒರೆಸಲು ಏನೂ ಇರಲಿಲ್ಲ. ಮತ್ತೆ ಹಾಕಿಕೊಂಡು, ಕಣ್ಣು ಕಿರಿದು ಮಾಡಿ ಕತ್ತು ಮುಂದೆ ಚಾಚಿದಳು. ನನಗೆ ಒಂದೊಂದೇ ನೆನಪಾಯಿತು. ಜಲ್ಲಿ ರಾಶಿಯ ಮುಂದಿನ ಆಳೆತ್ತರದ ಬೋರ್ಡು. ಸಾಲಿನಲ್ಲಿ ಎಂದೂ ಮೊದಲು ಹೋಗದ ಹುಡುಗಿ. ಕಣ್ಣು ಕಾಣದವರು ಸೈಕಲ್ ಹತ್ತಬಾರದು ಎಂದ ಅವಳಪ್ಪ.

ಹೇಳಲು ನನ್ನ ಬಾಯಿಯ ತುಂಬ ಮಾತಿತ್ತು. ಅಪ್ಪ ಅಂದು ಚಪ್ಪಲಿ ಎತ್ತಿ ಹಿಡಿದು ಎಷ್ಟು ಹೊತ್ತು ಸುಮ್ಮನೆ ಕಾದಿದ್ದರು! ನಾನೂ ಕಾದೆ. ಅಂಗಡಿಯಾಕೆಯೂ ಏನೋ ಅರ್ಥವಾದವಳಂತೆ ಒಳಗೆ ಹೋಗಿ, ಯಾವುದೋ ಚಕ್ರವನ್ನು ಸುಮ್ಮನೆ ತಿರುಗಿಸತೊಡಗಿದಳು.

"ಅಮ್ಮಾ, ಒಂದು ಕೇಳ್ಲಾ?"

"ಕೇಳು ಮರಿ."

ಈ ಸಲ ಸೊಳ್ಳೆ ಬರಲಿಲ್ಲ, ಚಂದ್ರನೂ ಬರಲಿಲ್ಲ. ಎರಡೂ ಕೈಯಲ್ಲಿ ಹ್ಯಾಂಡಲ್ ಬಿಗಿಹಿಡಿದು, ಬೋರ್ಡಿನಿಂದ ಕಣ್ಣು ಕೀಳದೆ ಮಿಡತೆ ಕೇಳಿಯೇಬಿಟ್ಟಳು.

"ಇಲ್ಲಿ ನಿಂತು ಅದನ್ನ ನೀವೆಲ್ಲ ಓದ್ತೀರಾ?"