ರೂಬೆನ್ ಹಿಡಿದ ಮೊದಲ ಮೀನು

ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆ, ಕುವೈತಿನ ಶುವೈಖ್ ದಂಡೆಯಲ್ಲಿ ರೂಬೆನ್ ಜನ್ಮದಲ್ಲಿ ಮೊದಲ ಸಲ ನೀರಿಗೆ ಗಾಳ ಎಸೆದ — ನೀರಿಗಲ್ಲ, ಸೀಸದ ಗುಂಡು ಎದುರಿನ ಬಂಡೆಗೆ ಟಣ್ಣನೆ ಬಡಿದು ಅಲ್ಲೇ ಉರುಳಿತು, ಹಾಗಾಗಿ ಗಾಳ ಎಸೆದ ಎಂಬಲ್ಲಿಗೆ ನಿಲ್ಲಿಸಬೇಕು, ನೀರು ಎಂಬ ಪದ ಹೊಡೆದುಹಾಕಬೇಕು. ನನ್ನ ಡ್ಯಾಡಿ ನಗುವುದಿಲ್ಲ, ಕಲಿಸುವಾಗ ಡ್ಯಾಡಿ ಯಾವತ್ತೂ ನಗುವುದಿಲ್ಲ, ಬಂಡೆಯಿಂದ ಬಂಡೆಗೆ ಕಾಲಿಟ್ಟು ಹೋಗಿ ಗುಂಡು ಎತ್ತಿಕೊಂಡು ಬಂದರು, ಕಳಚಿಹೋಗಿದ್ದ ಸಿಗಡಿಯ ಬದಲಿಗೆ ಇನ್ನೊಂದು ಚುಚ್ಚಿದರು, ಮುಷ್ಟಿ ಬಿಗಿ ಮಾಡಬೇಡ ಮಗಾ, ದಾರ ತೋರುಬೆರಳಿನ ಮೇಲೆ ಸುಮ್ಮನೆ ಕೂತಿರಬೇಕು, ಮೀನು ಬಂದ್ರೆ ಬೆರಳಿಗೇ ಹೇಳ್ತದೆ, ಮೊದಲ ಎಳೆತಕ್ಕೆ ಎಳೀಲಿಕ್ಕಿಲ್ಲ, ಅದು ಬರೇ ರುಚಿ ನೋಡುವುದು, ಎರಡನೆಯದಕ್ಕೆ ಎಳಿ. ಗೊತ್ತು ಅಂಕಲ್, ಎನ್ನುತ್ತಾನೆ ರೂಬೆನ್. ಮುಷ್ಟಿ ಹಾಗೆಯೇ ಇದೆ, ಬೆರಳಿನ ಗೆಣ್ಣುಗಳು ಬಿಳಿಚಿವೆ. ಸಿಗಡಿ ಚುಚ್ಚುವುದು ಹೇಗೆಂದಾಗಲೂ ಗೊತ್ತು ಅಂಕಲ್, ಪಾಚಿಯ ಮೇಲೆ ಕಾಲಿಡಬೇಡ ಎಂದಾಗಲೂ ಗೊತ್ತು ಅಂಕಲ್, ಎಂದ ಮರುಕ್ಷಣ ಜಾರಿ ಮೊಣಕಾಲೂರಿದ್ದ. ಬೆನ್ನ ಹಿಂದೆ ಚಾಪೆಯ ಮೇಲೆ ಸಿರಿಲ್ ಅಂಕಲ್, ಡ್ಯಾಡಿಯ ತಮ್ಮ, ನನಗೆ ಈ ಸಂಬಂಧ ತಂದವರು, ಎಂಥ ಮಾರಾಯ, ದಾವಣಗೆರೆ ಬೆಣ್ಣೆ ದೋಸೆ ತಿಂದ ಕೈ ಅಲ್ವಾ, ದಾರ ನಿಲ್ತದಾ ಅದರಲ್ಲಿ, ಎಲ್ಲರೂ ನಕ್ಕರು, ರೂಬೆನ್ ಎಲ್ಲರಿಗಿಂತ ತುಸು ಹೆಚ್ಚು ಹೊತ್ತು ನಕ್ಕ.

ಇವತ್ತು ನಾನು ಉತ್ತರ ಹೇಳಬೇಕು. ರಾತ್ರಿ ಊಟಕ್ಕೆ ಮುಂಚೆ ಅವನ ತಾಯಿ ದಾವಣಗೆರೆಯಿಂದ ಫೋನ್ ಮಾಡುತ್ತಾರೆ, ಹೌದು ಅಥವಾ ಇಲ್ಲ, ಜನವರಿಗೆ ಮಂಗಳೂರಿನಲ್ಲಿ ಹಾಲ್ ಬುಕ್ ಮಾಡಬೇಕಂತೆ, ಹಾಲ್‌ನವನು ಕಾಯುವುದಿಲ್ಲವಂತೆ, ಸಿರಿಲ್ ಅಂಕಲ್ ಮಾತು ಕೊಟ್ಟಾಗಿದೆ — ಉತ್ತರ ಶುಕ್ರವಾರವೇ. ನನ್ನನ್ನು ಕೇಳಿ ಕೊಟ್ಟ ಮಾತಲ್ಲ. ಆದರೆ ಯಾರೂ ಒತ್ತಾಯ ಮಾಡುತ್ತಿಲ್ಲ ಎಂಬುದೂ ನಿಜ, ಅದನ್ನೂ ಬರೆಯಬೇಕು, ಇಲ್ಲ ಎಂದರೆ ಇಲ್ಲ, ಹಿಂದಿನ ಎರಡು ಸಲವೂ ಇಲ್ಲ ಎಂದೆ, ಒಬ್ಬ ಎಂಜಿನಿಯರ್ ಎಂದಿದ್ದ, ಎಂಜಿನಿಯರ್ ಆಗಿರಲಿಲ್ಲ, ಇನ್ನೊಬ್ಬ ಸಿಗರೇಟು ಮುಟ್ಟುವುದಿಲ್ಲ ಎಂದಿದ್ದ, ಲಿಫ್ಟಿನಲ್ಲಿ ಅವನ ಜೊತೆ ಮೂರು ಮಹಡಿ ಇಳಿದವಳು ನಾನು, ವಾಸನೆ ಸುಳ್ಳು ಹೇಳುವುದಿಲ್ಲ. ಮಮ್ಮಿ ಅಂದಿದ್ದರು, ಶರ್ಲಿ, ಗಂಡನನ್ನು ಪ್ರೂಫ್ ನೋಡಿ ಮದುವೆ ಆಗ್ಲಿಕ್ಕೆ ಆಗ್ತದಾ, ಸಣ್ಣ ಸಣ್ಣ ತಪ್ಪು ಎಲ್ಲರಲ್ಲೂ ಉಂಟು. ತಪ್ಪು ಇರಲಿ ಮಮ್ಮಿ, ತಿದ್ದಿದರೆ ತಿದ್ದಿಸಿಕೊಳ್ಳುವ ಪ್ರತಿ ಬೇಕು, ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಪತ್ರಿಕೆಯ ಡೆಸ್ಕಿನಲ್ಲಿ ಕೂತು ಕೂತು ಹೀಗಾಯಿತು ಎನ್ನುತ್ತಾರೆ, ಇರಬಹುದು, ದಿನವಿಡೀ ಸಣ್ಣ ಸುದ್ದಿ ತಿದ್ದುತ್ತೇನೆ, ಜಹ್ರಾ ರಸ್ತೆಯಲ್ಲಿ ಕಾರು ಪಲ್ಟಿ, ಚಾಲಕ ಪಾರು, ಪಾರಾದವನ ವಯಸ್ಸು ಎರಡು ಕಡೆ ಎರಡು ಥರ ಬಂದಿದ್ದರೆ ವಯಸ್ಸನ್ನೇ ತೆಗೆದುಹಾಕುತ್ತೇನೆ. ಈಗ ನನ್ನ ಬಳಿ ಇರುವ ಮಾಹಿತಿ: ರೂಬೆನ್, ಮೂವತ್ತೆರಡು, ಒಂದು ಫರ್ನಿಚರ್ ಕಂಪನಿಯಲ್ಲಿ ಲೆಕ್ಕಪತ್ರ, ಕುವೈತಿಗೆ ಬಂದು ವರ್ಷ ತುಂಬಿಲ್ಲ, ತಂದೆ ಬ್ಯಾಂಕಿನಲ್ಲಿದ್ದುದರಿಂದ ಬೆಳೆದದ್ದೆಲ್ಲ ದಾವಣಗೆರೆ, ಕೊಂಕಣಿ ಆಡಿದರೆ ಮುಗ್ಗರಿಸುತ್ತಾನೆ, ಹಾಗಾಗಿ ಅವನಿದ್ದಾಗ ನಾವೂ ಕನ್ನಡವೇ. ಚರ್ಚಿನ ಪೂಜೆಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತಿದ್ದ, ಹಾಡುವಾಗ ತುಟಿ ಆಡಿಸಿದ, ಸ್ವರ ಬರಲಿಲ್ಲ. ಅದು ಸುಳ್ಳೋ ಭಕ್ತಿಯೋ ದೃಢಪಟ್ಟಿಲ್ಲ. ಗೊತ್ತು ಗೊತ್ತು ಎನ್ನುತ್ತಾನೆ, ಇದು ದೃಢಪಟ್ಟಿದೆ. ಗೊತ್ತಿಲ್ಲದ್ದನ್ನು ಗೊತ್ತು ಎನ್ನುವವನ ಜೊತೆ ಒಂದೇ ಮನೆಯಲ್ಲಿ — ಗ್ಯಾಸ್ ಬಂದ್ ಮಾಡಿದೆಯಾ, ಮಾಡಿದೆ, ವಾಸದ ಪರವಾನಗಿ ಇಕಾಮಾ ನವೀಕರಣಕ್ಕೆ ಕೊಟ್ಟೆಯಾ, ಕೊಟ್ಟೆ, ನಾನು ಪ್ರತಿ ರಾತ್ರಿ ಎದ್ದು ಹೋಗಿ ಗ್ಯಾಸ್ ನೋಡಬೇಕು. ಇಲ್ಲ ಎನ್ನುವುದು ಎಂದು ಹೆಚ್ಚುಕಡಿಮೆ ತೀರ್ಮಾನಿಸಿದ್ದೇನೆ, ಬರುವಾಗ ಕಾರಿನಲ್ಲೇ, ದಾರಿಯಲ್ಲಿ ಮೈದಾನ್ ಹವಲ್ಲಿ ದಾಟುವ ಮೊದಲೇ.

ಬಿಸಿಲು ಹದವಾಗಿದೆ, ನವೆಂಬರ್, ಸಮುದ್ರ ತಟ್ಟೆಯಂತೆ ಚಪ್ಪಟೆ, ಆಚೆ ಲಿಬರೇಶನ್ ಟವರಿನ ತುದಿ ಧೂಳಿನಲ್ಲಿ ಅರ್ಧ ಅಳಿಸಿಹೋಗಿದೆ. ಪಕ್ಕದ ಬಂಡೆಯಲ್ಲಿ ಒಬ್ಬ ಕುವೈತಿ ಮುದುಕ, ಮಡಚುವ ಕುರ್ಚಿ, ಎರಡು ಉದ್ದ ರಾಡು, ಡ್ಯಾಡಿಗೂ ಅವರಿಗೂ ಎಷ್ಟೋ ಶುಕ್ರವಾರಗಳ ಸಲಾಂ ಇದೆ, ಹೆಸರು ಇಬ್ಬರಿಗೂ ಗೊತ್ತಿಲ್ಲ. ಮಮ್ಮಿ ನೀಡೋ ಡಬ್ಬ ತೆರೆದು ಹಾಲಿನ ಪುಡಿ ಎಣಿಸಿ ಎಣಿಸಿ ಲೋಟಕ್ಕೆ ಹಾಕುತ್ತಿದ್ದಾರೆ, ದೊಡ್ಡ ಫ್ಲಾಸ್ಕಿನಲ್ಲಿ ಬಿಸಿನೀರು, ಯಾರಿಗೂ ಈಗಲೇ ಚಹಾ ಇಲ್ಲ, ಮೀನು ಸಿಕ್ಕ ಮೇಲೆಯೇ, ಅದು ಡ್ಯಾಡಿಯ ನಿಯಮ. ರೂಬೆನ್ ಮತ್ತೆ ಎಸೆದ, ಈ ಸಲ ನೀರಿಗೇ, ಬರೆಯಬಹುದು. ದಾರ ಮುಷ್ಟಿಯಲ್ಲಿ. ಬೆರಳು ಮಗಾ, ಬೆರಳು. ಗೊತ್ತು ಅಂಕಲ್. ನಂತರ ಏನೂ ಆಗಲಿಲ್ಲ, ತುಂಬ ಹೊತ್ತು, ಗಾಳ ಹಾಕುವುದೆಂದರೆ ಬಹುತೇಕ ಏನೂ ಆಗದಿರುವುದು, ಚಿಕ್ಕವಳಿದ್ದಾಗ ಡ್ಯಾಡಿಯ ಪಕ್ಕ ಕೂತು ಕಲಿತದ್ದು ಅದೊಂದೇ, ಸುದ್ದಿ ಇಲ್ಲದಾಗ ಸುದ್ದಿ ಮಾಡಬಾರದು. ರೂಬೆನ್ನನ ಕತ್ತಿನ ಹಿಂಭಾಗ ಸುಟ್ಟು ಕೆಂಪಾಗುತ್ತಿದೆ, ಟೋಪಿ ಬೇಕಾ ಎಂದರೆ ಬೇಡ, ಅಭ್ಯಾಸ ಉಂಟು ಎಂದ, ದಾವಣಗೆರೆಯಲ್ಲಿ ಬೆಳೆದವನು ನಮ್ಮ ಹಾಗೆ ಉಂಟು ಎನ್ನಲು ನೋಡುತ್ತಾನೆ, ಸಿರಿಲ್ ಅಂಕಲ್ ನನಗೆ ಕಣ್ಣು ಹೊಡೆದರು, ನೋಡು, ಭಾಷೆ ಸಹ ಕಲೀತಾ ಇದ್ದಾನೆ. ಆಗ ಅವನ ಭುಜ ಎದ್ದಿತು. ಡ್ಯಾಡಿ ಪಿಸುಗುಟ್ಟಿದರು, ತಡಿ, ತಡಿ, ಇನ್ನೊಂದು, ಅವನು ತಡೆದ — ಇದನ್ನು ಅವನ ಪರವಾಗಿ ಬರೆಯಬೇಕು, ತಡೆದ, ಎರಡನೆಯದಕ್ಕೆ ಎಳೆದ, ದಾರ ಓರೆಯಾಗಿ ನೀರನ್ನು ಸೀಳಿತು, ಎಳಿ ಮಗಾ, ಎಳಿ, ಬಿಡಬೇಡ, ಮಮ್ಮಿ ಚಮಚ ಹಿಡಿದೇ ಎದ್ದು ನಿಂತರು, ಬಂಡೆಯ ಮೇಲೆ ಬಂದು ಬಿದ್ದದ್ದು ಮುಂಗೈಯಷ್ಟುದ್ದದ ಮೀಸೆ ಮೀನು, ಬೂದು, ಪೊರೆಯಿಲ್ಲದ ನುಣುಪು ಮೈ, ಬೆನ್ನಿನ ಮುಳ್ಳು ಎದ್ದು ನಿಂತಿತ್ತು, ಎರಡು ಪಕ್ಕದವೂ.

ಈಗ ಕ್ರಮವಾಗಿ. ಡ್ಯಾಡಿ ಹೇಳಿದ್ದು: ನಿಲ್ಲು, ಬಟ್ಟೆ ತರ್ತೇನೆ. ಬಟ್ಟೆ ಮತ್ತು ಇಕ್ಕಳ ಬಕೆಟಿನಲ್ಲಿತ್ತು, ಡ್ಯಾಡಿ ತಿರುಗಿದರು. ಯಾಕೆ ಬಟ್ಟೆ ಎಂದು ಹೇಳಲಿಲ್ಲ, ವಿಷ ಎಂಬ ಪದ ಬಳಸಲಿಲ್ಲ, ಯಾಕೆಂದರೆ ಈ ಬಂಡೆಗಳ ಮೇಲೆ ಡ್ಯಾಡಿ ಈವರೆಗೆ ಕಲಿಸಿದವರೆಲ್ಲ ಕಡಲ ಬದಿಯವರು, ಅವರಿಗೆ ಅದನ್ನು ಹೇಳುವುದು ಬೆಂಕಿ ಬಿಸಿ ಎಂದು ಹೇಳಿದ ಹಾಗೆ. ರೂಬೆನ್ ಹೇಳಿದ್ದು: ಬೇಡ ಅಂಕಲ್, ಗೊತ್ತು, ಇದನ್ನು ಮನೆಯಲ್ಲಿ ಎಷ್ಟು ತಿಂದಿಲ್ಲ. ತಿಂದಿದ್ದಾನೆ, ಅದು ಸತ್ಯ, ಆದರೆ ದಾವಣಗೆರೆಗೆ ಈ ಮೀನು ಹೋಗುವುದು ಐಸ್ ಪೆಟ್ಟಿಗೆಯಲ್ಲಿ, ಮಂಗಳೂರಿನ ಬಂದರಿನ ಧಕ್ಕೆಯಲ್ಲೇ ಮೂರೂ ಮುಳ್ಳು ಮುರಿದು ಕಳಿಸುತ್ತಾರೆ, ಮುಳ್ಳು ಮುರಿಯದೆ ಯಾವ ಮೀನು ಮಾರುವವಳೂ ಇದನ್ನು ಬುಟ್ಟಿಗೆ ಹಾಕುವುದಿಲ್ಲ, ಅವನು ಬಾಲ್ಯದಿಂದ ಉಂಡ ಮೀನಿಗೆ ಮುಳ್ಳೇ ಇರಲಿಲ್ಲ. ಕುವೈತಿ ಮುದುಕರು ಕುರ್ಚಿಯಿಂದ ಅರ್ಧ ಎದ್ದರು, ಲಾ, ಲಾ, ಬೇಡ ಬೇಡ ಎಂದು, ಚಿಮ್, ಚಿಮ್, ಅದು ಈ ಮೀನಿಗೆ ಅವರ ಹೆಸರು, ಅವರು ಈ ಮೀನು ತಿನ್ನುವುದೂ ಇಲ್ಲ, ಮುಟ್ಟುವುದೂ ಇಲ್ಲ. ಅಷ್ಟರಲ್ಲಿ ರೂಬೆನ್ ಅದರ ಬೆನ್ನಿಗೆ ಬಲಗೈ ಹಾಕಿ ಎತ್ತಿದ್ದ, ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಮೆತ್ತನೆಯ ಜಾಗ, ಮೀನು ಒಮ್ಮೆ ಕೊಡವಿತು, ಅವನು ಬಿಟ್ಟ, ಕೂಗಲಿಲ್ಲ, ಕೈಯನ್ನು ಮುಷ್ಟಿ ಮಾಡಿ ಪ್ಯಾಂಟಿನ ಜೇಬಿಗೆ ಹಾಕಿಕೊಂಡ. ಡ್ಯಾಡಿ ತಿರುಗಿದಾಗ ಮೀನು ಬಂಡೆಯ ಮೇಲೆ ಹೊರಳುತ್ತಿತ್ತು, ಅವನು ನಗುತ್ತಿದ್ದ. ಹೋ, ಹೋ, ಮೊದಲ ದಿನವೇ, ಬೆನೆಡಿಕ್ಟಾ ನೋಡು, ಇವತ್ತು ಸಾರಿಗೆ ಆಯ್ತು, ಎಂದು ಮಮ್ಮಿಯನ್ನು ಕೂಗಿದ ಡ್ಯಾಡಿ ಇಕ್ಕಳದಿಂದ ಮುಳ್ಳುಗಳನ್ನು ಲಟ್ ಲಟ್ ಎಂದು ಮುರಿದು ಮೀನನ್ನು ಬಕೆಟಿಗೆ ಹಾಕಿದರು, ಸಿರಿಲ್ ಅಂಕಲ್ ಚಪ್ಪಾಳೆ ತಟ್ಟಿದರು, ಹುಡುಗ ಪಾಸ್, ಶರ್ಲಿ, ಹುಡುಗ ಪಾಸ್, ರೂಬೆನ್ ತಲೆಯಾಡಿಸಿದ, ಬಲಗೈ ಜೇಬಿನಲ್ಲೇ ಇತ್ತು. ಮುಖದ ಬಣ್ಣ ಮೀನಿನದೇ. ಮೇಲ್ತುಟಿಯಲ್ಲಿ ಬೆವರು, ಗಾಳಿ ತಣ್ಣಗಿರುವಾಗ. ಎಡಗೈಯಲ್ಲಿ ಸಿಗಡಿ ಎತ್ತಿಕೊಂಡು ಗಾಳಕ್ಕೆ ಚುಚ್ಚಲು ನೋಡುತ್ತಾನೆ, ಆಗುತ್ತಿಲ್ಲ, ಮತ್ತೆ ನೋಡುತ್ತಾನೆ. ಆ ಮುಳ್ಳಿನ ನೋವು ಮೊಳಕೈವರೆಗೆ ಏರುತ್ತದೆ, ನನಗೆ ಎಂಟು ವರ್ಷವಿದ್ದಾಗ ಪಕ್ಕದ ಮುಳ್ಳು ಬರೇ ತಾಗಿತ್ತು, ನಾನು ಕೂಗಿದ ಕೂಗಿಗೆ ಕೋಸ್ಟ್ ಗಾರ್ಡಿನವನು ಬಂದಿದ್ದ. ಇವನು ನಗುತ್ತಿದ್ದಾನೆ. ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಕೇಳಿದೆ, ಚುಚ್ಚಿತಾ? ಇಲ್ಲ, ಎಂದ. ಇಲ್ಲ. ಜೇಬಿನ ಖಾಕಿ ಬಟ್ಟೆಯಲ್ಲಿ ರೂಪಾಯಿಯಷ್ಟಗಲ ಕೆಂಪು ಹರಡುತ್ತಿತ್ತು. ಆಯಿತು ಬಿಡು, ಎಂದುಕೊಂಡೆ, ಮುಗಿಯಿತು, ಇದು ಮೂರನೆಯದು, ಮನಸ್ಸಿಗೆ ಬೇಸರವೂ ಆಗಲಿಲ್ಲ, ಪುಟ ಕಟ್ಟಿ ಮುಗಿಸಿದಂತೆ ಹಗುರವಾಯಿತು, ರಾತ್ರಿ ಫೋನಿನಲ್ಲಿ ಹೇಗೆ ಹೇಳುವುದು ಎಂದು ವಾಕ್ಯ ಕೂಡ ಜೋಡಿಸಿದೆ. ಮುಷ್ಟಿಯ ಆಕಾರ ಜೇಬಿನೊಳಗೆ ಕಲ್ಲಿನ ಹಾಗೆ ಕಾಣುತ್ತಿತ್ತು.

ಮದುವೆ ಬೇರೆ, ಗಾಯ ಬೇರೆ. ನಿಮ್ಮ ಪ್ಯಾಂಟ್ ಇಲ್ಲ ಎನ್ನುತ್ತಿಲ್ಲ, ಎಂದೆ, ತೋರಿಸಿ. ಅವನು ಕೆಳಗೆ ನೋಡಿಕೊಂಡ. ಕೈ ಹೊರಗೆ ಬಂತು, ಮುಷ್ಟಿ ಮುಷ್ಟಿಯಾಗಿಯೇ, ಬಾತುಕೊಂಡು, ಸಂದಿಯಿಂದ ರಕ್ತ. ಫ್ಲಾಸ್ಕ್ ಎಂದು ಕೂಗಿದೆ, ಮಮ್ಮಿ, ಫ್ಲಾಸ್ಕ್, ಅಯ್ಯೋ ಅದು ಚಹಾದ ನೀರು ಎಂದರು ಮಮ್ಮಿ, ಮೀನಿನ ವಿಷ ಬಿಸಿಗೆ ಮಾತ್ರ ಸೋಲುವುದು, ಕೊಡಿ ಇಲ್ಲಿ, ಎಂದೆ, ಸಿಗಡಿಯ ಡಬ್ಬ ತೊಳೆದು ನೀರು ಸುರಿದೆ, ತಣ್ಣೀರು ಬೆರೆಸಿದೆ, ಮೊದಲು ನನ್ನ ಕೈ ಇಟ್ಟು ನೋಡಿದೆ, ತಡೆದುಕೊಳ್ಳುವಷ್ಟು, ಅದಕ್ಕಿಂತ ಒಂದು ಕೂದಲಷ್ಟೂ ಕಡಿಮೆ ಬೇಡ, ನಂತರ ಅವನದು. ಡ್ಯಾಡಿ ಇಕ್ಕಳ ಹಿಡಿದು ನಿಂತೇ ಇದ್ದರು, ಡ್ಯಾಡಿಯ ಮುಖ ನಾನು ಹಾಗೆ ನೋಡಿದ್ದೇ ಇಲ್ಲ, ನಾನು ಹೇಳಬೇಕಿತ್ತು, ಎಂದರು, ಮೂವತ್ತು ವರ್ಷ ಗಾಳ ಹಾಕಿ ಇಷ್ಟು ಹೇಳ್ಲಿಲ್ಲ ನಾನು. ಆಗ ಮಮ್ಮಿ, ದುಃಖವನ್ನು ಕೂಡಲೇ ಮದುವೆಗೆ ತಿರುಗಿಸಬಲ್ಲ ಮಮ್ಮಿ, ಪಾಪ, ನಮ್ಮ ಖುಷಿ ಹಾಳಾಗಬಾರದು ಅಂತ ಬಾಯಿ ಬಿಡ್ಲಿಲ್ಲ ನೋಡು ಹುಡುಗ, ಇವರಿಗೆ ಬೇಜಾರಾಗ್ತದೆ ಅಂತ, ಎಂಥ ಮನಸ್ಸು. ಅದೇ ಅದೇ, ಎಂದರು ಸಿರಿಲ್ ಅಂಕಲ್, ಈ ಕಾಲದಲ್ಲಿ ಯಾರು ಹೀಗೆ. ಎಲ್ಲರೂ ಆ ಮಾತಿಗೆ ಸರಿದು ಜಾಗ ಮಾಡಿಕೊಟ್ಟರು, ಚಾಪೆ ಹಾಸಿದ ಹಾಗೆ, ಅವನು ಬಂದು ಕೂತರೆ ಸಾಕಿತ್ತು. ತಲೆಯಾಡಿಸಿದರೆ ಸಾಕಿತ್ತು. ಅಲ್ಲ ಆಂಟಿ, ಎಂದ ರೂಬೆನ್. ಹಂಗಲ್ಲ. ನಾಚ್ಕಿ ಆತು. ಅಂಕಲ್ ಬಟ್ಟೆ ತರ್ತೀನಿ ಅಂದ್ರು, ನಾನೇ ಗೊತ್ತು ಅಂದೆ. ಬೆಳಿಗ್ಗೆಯಿಂದ ಗೊತ್ತು ಗೊತ್ತು ಅಂದು ಅಂದು, ಆಮ್ಯಾಲೆ ಗೊತ್ತಿರಲಿಲ್ಲ ಅನ್ನಾಕ ಬಾಯಿ ಬರಲಿಲ್ಲ. ಭಾಳ ಉರಿ ಐತಿ ಅಂಕಲ್. ಇಷ್ಟೂ ಹೊತ್ತು ಅಡಗಿಸಿಟ್ಟಿದ್ದ ದಾವಣಗೆರೆ ಒಮ್ಮೆಲೇ ಬಂತು. ಡ್ಯಾಡಿ ಅವನ ಪಕ್ಕ ಬಂಡೆಯ ಮೇಲೆ ಕೂತರು, ಬೆನ್ನ ಮೇಲೆ ಕೈಯಿಟ್ಟರು. ಬಿಸಿನೀರಿನಲ್ಲಿ ಮುಷ್ಟಿ ಬಿಚ್ಚಿಕೊಳ್ಳತೊಡಗಿತು, ಮೊದಲು ಕಿರುಬೆರಳು, ಆಮೇಲೆ ಉಳಿದವು, ನೀರು ಗುಲಾಬಿ ಬಣ್ಣಕ್ಕೆ ತಿರುಗಿತು.

ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ತೆಗೆದರು, ಮುಳ್ಳಿನ ಚೂರು ಒಳಗೆ ಉಳಿದಿಲ್ಲ, ಟಿಟಿ ಇಂಜೆಕ್ಷನ್ ಕೊಟ್ಟರು, ಅವನನ್ನು ರೂಮಿಗೆ ಬಿಟ್ಟು ಬಂದೆವು, ಮೀನನ್ನು ಮಮ್ಮಿ ರಾತ್ರಿಗೆ ಸಾರು ಮಾಡಿದ್ದಾರೆ, ರುಚಿ ನೋಡಿದೆ, ಹುಳಿ ಹೆಚ್ಚಾಗಿದೆ. ಈಗ ಮನೆಯ ಹಾಲ್‌ನಲ್ಲಿ ಟಿವಿಯ ಸದ್ದು ಸಣ್ಣಗೆ ಮಾಡಿ ಎಲ್ಲರೂ ಬೇರೆ ಬೇರೆ ಕಡೆ ನೋಡುತ್ತಿದ್ದಾರೆ. ನಾನು ಬೆಳಿಗ್ಗೆ ಜೋಡಿಸಿದ ವಾಕ್ಯ ಇನ್ನೂ ಇದೆ, ಒಂದು ಪದವೂ ಸಡಿಲವಾಗಿಲ್ಲ, ಒಳ್ಳೆಯ ವಾಕ್ಯ. ಅವನು ಇಲ್ಲ ಎಂದದ್ದೂ ನಿಜ, ನನಗೇ ಎಂದದ್ದು, ಅದನ್ನು ಹೊಡೆದುಹಾಕಲಾಗದು. ಅಲ್ಲ ಆಂಟಿ ಎಂದದ್ದೂ ನಿಜ, ಅದನ್ನು ಯಾರೂ ಅವನಿಂದ ಕೇಳಿರಲಿಲ್ಲ. ತಪ್ಪು ಅಚ್ಚಾದದ್ದು ಮಧ್ಯದ ಪುಟದಲ್ಲಿ ಸಣ್ಣದಾಗಿ, ತಿದ್ದುಪಡಿ ಬಂದದ್ದು ಮೊದಲ ಪುಟದಲ್ಲಿ, ಅವನದೇ ಹೆಸರಿನಲ್ಲಿ, ಇಂಥದ್ದು ನಮ್ಮ ಪತ್ರಿಕೆ ಎಂದೂ ಮಾಡಿಲ್ಲ, ನಾನೂ ಮಾಡಿಲ್ಲ — ಇರಲಿ. ಮುಂದೆ ಮತ್ತೆ ಗೊತ್ತು ಎನ್ನುತ್ತಾನೆ, ಖಂಡಿತ ಎನ್ನುತ್ತಾನೆ, ನಾನು ಎದ್ದು ಗ್ಯಾಸ್ ನೋಡಬೇಕಾಗಬಹುದು. ಫೋನ್ ಹೊಡೆದುಕೊಳ್ಳುತ್ತಿದೆ. ಮಮ್ಮಿ ಕೈ ಚಾಚಿದರು, ಮಮ್ಮಿ ಬೇಡ, ನಾನು, ಆಚೆಯಿಂದ ಅವನ ತಾಯಿ, ಹಲೋ ಹಲೋ, ಕೇಳ್ತೈತೇನಮ್ಮಾ, ಏನಂತೀಯಮ್ಮಾ ಮತ್ತೆ, ಅವನದೇ ಮಾತಿನ ಧಾಟಿ, ತಂತಿಯೊಳಗೆ ಗಾಳಿ, ವಾಕ್ಯ ಎಲ್ಲಿ ಹೋಯಿತು, ಬಿಸಿನೀರಿನ ಡಬ್ಬ, ಕಿರುಬೆರಳು, ಉಂಗುರದ ಬೆರಳು, ನಡುಬೆರಳು, ಒಂದೊಂದಾಗಿ, ಮುಷ್ಟಿ —

ಹೌದು ಎಂದೆ.